ಶಾಸನದ ಫೋಟೊ ಯಾಕೆ ತೆಗೆಯಬೇಕು? ಮಂಗಳೂರಿನ ಕಲ್ಲು, ಬೆಳಕು ಮತ್ತು ತಾರೀಕು

ಶಾಸನದ ಮುಂದೆ ಕ್ಯಾಮೆರಾ ಹಿಡಿದು ನಿಂತವರಿಗೆ ನಮ್ಮ ಕಡೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಕಲ್ಲು ಎಲ್ಲಿಗೂ ಓಡಿ ಹೋಗುವುದಿಲ್ಲವಲ್ಲ, ಅದರ ಫೋಟೊ ಎಂತಕ್ಕೆ?" ಮದುವೆಯ ಫೋಟೊ ತೆಗೆಯುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ಧಾರೆಯ ಗಳಿಗೆ ದಾಟಿ ಹೋಗುತ್ತದೆ, ಮಗು ದೊಡ್ಡದಾಗುತ್ತದೆ, ಅಜ್ಜಿ ತೀರಿಕೊಳ್ಳುತ್ತಾರೆ. ಜಾರಿಹೋಗುವ ಗಳಿಗೆಯನ್ನು ಹಿಡಿದಿಡಬೇಕೆಂಬ ಆಸೆಯೇ ಜನರನ್ನು ಕ್ಯಾಮೆರಾದ ಕಡೆಗೆ ಎಳೆಯುವುದು. ಆದರೆ ಏಳೆಂಟು ನೂರು ವರ್ಷ ಒಂದೇ ಕಡೆ ನಿಂತಿರುವ ಕಲ್ಲಿಗೂ ಹಾಗೆ ಜಾರುವ ಗಳಿಗೆ ಇದೆಯಾ?

ಇದೆ ಅಂತ ನನ್ನ ಅನುಭವ. ಹಲವು ವರ್ಷಗಳಿಂದ ಮಂಗಳೂರು ಮತ್ತು ಸುತ್ತಮುತ್ತಲಿನ ಶಾಸನಗಳ ಚಿತ್ರ ತೆಗೆಯುತ್ತಾ ನನಗೆ ಎರಡು ಸಂಗತಿ ಸ್ಪಷ್ಟವಾಗಿವೆ. ಒಂದು, ಕಲ್ಲು ನಿಂತಿದ್ದರೂ ಅದರ ಮೇಲಿನ ಬರಹ ನಿಂತಿರುವುದಿಲ್ಲ. ಎರಡು, ಶಾಸನ ಕೆತ್ತಿಸಿದವರ ಆಸೆಯೂ ಫೋಟೊ ತೆಗೆಯುವವರ ಆಸೆಯೂ ಬಹುಮಟ್ಟಿಗೆ ಒಂದೇ. ಒಂದು ದಿನ ನಡೆದದ್ದು ಮರೆತುಹೋಗಬಾರದು ಅನ್ನುವುದು. ಆ ಕೆಲಸವನ್ನು ಹೇಗೆ ಮಾಡಬೇಕು ಅನ್ನುವುದಕ್ಕೂ ಶಾಸನಗಳೇ ನಮಗೆ ಮೇಷ್ಟ್ರು. ಅದನ್ನು ಇಲ್ಲಿ ವಿವರಿಸುತ್ತೇನೆ.

ಶಾಸನವೂ ಒಂದು ಗಳಿಗೆಯ ದಾಖಲೆ

ದಾನಶಾಸನದ ಕಾಲಸೂಚನೆಯ ಭಾಗವನ್ನು ಗಮನವಿಟ್ಟು ನೋಡಿ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಕೆಲವೊಮ್ಮೆ ನಕ್ಷತ್ರವೂ ಸೇರುತ್ತದೆ, ಸಂಕ್ರಮಣ ಅಥವಾ ಗ್ರಹಣವೂ ಸೇರುತ್ತದೆ. ಗ್ರಹಣಕಾಲದ ದಾನಕ್ಕೆ ಪುಣ್ಯ ಹೆಚ್ಚು ಎಂಬ ನಂಬಿಕೆ ಅದರ ಹಿಂದೆ ಇದೆ, ನಿಜ. ಆದರೆ ಪರಿಣಾಮ ಏನಾಯಿತು ನೋಡಿ: ಒಂದು ದಿನವನ್ನು ನಾಲ್ಕೈದು ಕಡೆಯಿಂದ ಹಗ್ಗ ಕಟ್ಟಿ ಬಿಗಿದಂತಾಯಿತು. ಒಂದು ಹಗ್ಗ ಸವೆದರೂ ಇನ್ನೊಂದು ಹಿಡಿದಿರುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ಸವೆದ ಶಾಸನವೊಂದರಲ್ಲಿ ಶಕವರ್ಷದ ಕೊನೆಯ ಅಂಕಿ ೬ ಆಗಿರಬಹುದು, ೯ ಆಗಿರಬಹುದು ಎಂಬ ಸಂಶಯ ಬಂತು ಅಂತಿಟ್ಟುಕೊಳ್ಳಿ. 1306ಓ 1309ಓ? ಅಂಕಿಯನ್ನು ಎಷ್ಟು ದಿಟ್ಟಿಸಿದರೂ ತೀರ್ಮಾನ ಆಗುವುದಿಲ್ಲ. ಆದರೆ ಪಕ್ಕದಲ್ಲಿ ಸಂವತ್ಸರದ ಹೆಸರು ಉಳಿದಿದ್ದರೆ ಮುಗಿಯಿತು. ಶಕ 1306 ರಕ್ತಾಕ್ಷಿ ಸಂವತ್ಸರ, 1309 ಪ್ರಭವ ಸಂವತ್ಸರ. ಹೆಸರಿನ ಎರಡು ಅಕ್ಷರ ಉಳಿದರೂ ಸಾಕು, ವರ್ಷ ಕೈಗೆ ಸಿಗುತ್ತದೆ. ಬರೆಸಿದವನಿಗೆ ಇದು ಗೊತ್ತಿತ್ತೋ ಇಲ್ಲವೋ, ಏಳು ಶತಮಾನ ಆದ ಮೇಲೆ ನಮಗೆ ಉಪಕಾರವಾಗುವುದು ಈ ಎರಡೆರಡು ಸಲ ಹೇಳುವ ಅಭ್ಯಾಸದಿಂದಲೇ.

ಮಂಗಳೂರು ನಗರದಲ್ಲೇ ಇದರ ಅತ್ಯಂತ ಪ್ರಸಿದ್ಧ ಉದಾಹರಣೆ ಇದೆ. ಕದ್ರಿ ಮಂಜುನಾಥ ದೇವಸ್ಥಾನದ ಲೋಕೇಶ್ವರನ ಕಂಚಿನ ಮೂರ್ತಿ. ಮೂರು ಮುಖ, ಆರು ಕೈಗಳ ಈ ವಿಗ್ರಹದ ಪೀಠದ ಮೇಲೆ ಸಂಸ್ಕೃತದ ಬರಹವುಂಟು. ಆಳುಪ ಅರಸ ಕುಂದವರ್ಮ 'ಕದಿರಿಕಾ' ಎಂಬ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದ ಎಂಬುದು ಅದರ ಸಾರ. ಕಾಲವನ್ನು ಅಲ್ಲಿ ಶಕವರ್ಷದಲ್ಲಿ ಹೇಳಿಲ್ಲ, ಕಲಿವರ್ಷದಲ್ಲಿ ಹೇಳಿದೆ: 4068. ಅದರಿಂದ 3101 ಕಳೆದರೆ ಕ್ರಿ.ಶ. 967–68 ಬರುತ್ತದೆ. ಇತಿಹಾಸದ ಪುಸ್ತಕಗಳಲ್ಲಿ ಕಾಣುವ 968 ಎಂಬ ವರ್ಷ ಬಂದದ್ದು ಹೀಗೆ. ಈ ಲೋಕೇಶ್ವರ ಬೌದ್ಧ ದೇವತೆಯೋ, ಶೈವ ಹಾಗೂ ನಾಥ ಪರಂಪರೆಯ ಕಡೆಗೆ ಹೊರಳುತ್ತಿದ್ದ ಕಾಲದ ರೂಪವೋ ಅಂತ ವಿದ್ವಾಂಸರು ಬಹಳ ಕಾಲದಿಂದ ಚರ್ಚಿಸುತ್ತಲೇ ಇದ್ದಾರೆ. ಆ ಚರ್ಚೆ ಅಲ್ಲಿರಲಿ. ನನಗೆ ಇಲ್ಲಿ ಮುಖ್ಯವಾದದ್ದು ಬೇರೆ. ಕದ್ರಿ ಗುಡ್ಡದ ಮೇಲೆ ಸಾವಿರ ವರ್ಷದ ಹಿಂದೆ ನಡೆದ ಪ್ರತಿಷ್ಠೆಯನ್ನು ನಾವು ಇವತ್ತು ವರ್ಷ ಹೇಳಿ ಮಾತಾಡುತ್ತೇವಲ್ಲ, ಅದಕ್ಕೆ ಆಧಾರ ಪೀಠದ ಮೇಲಿನ ಕೆಲವು ಸಾಲುಗಳು. ಆ ಸಾಲು ಇಲ್ಲದಿದ್ದರೆ ಮೂರ್ತಿ ಇರುತ್ತಿತ್ತು, ಅದರ ಸೌಂದರ್ಯ ಇರುತ್ತಿತ್ತು, ದಿನ ಇರುತ್ತಿರಲಿಲ್ಲ.

ಇನ್ನೂ ತೀಕ್ಷ್ಣವಾದ ಗಳಿಗೆಗಳು ಬೇಕಾದರೆ ಉತ್ತರಕ್ಕೆ ಉದ್ಯಾವರಕ್ಕೆ ಹೋಗಬೇಕು. ಅಲ್ಲಿನ ಆಳುಪ ಶಾಸನಗಳನ್ನು ಇ. ಹುಲ್ಟ್ಸ್ ಅವರು 'ಎಪಿಗ್ರಾಫಿಯ ಇಂಡಿಕ'ದ 9ನೇ ಸಂಪುಟದಲ್ಲಿ ಪ್ರಕಟಿಸಿದರು. ಸುಮಾರು ಎಂಟು–ಒಂಬತ್ತನೇ ಶತಮಾನದ ಈ ಕಲ್ಲುಗಳಲ್ಲಿ ಹಲವು ಹೇಳುವುದು ಅರಸರ ದೊಡ್ಡ ಬಿರುದುಗಳನ್ನಲ್ಲ. ಆಳುಪರ ಮನೆಯೊಳಗಿನ ಕಲಹದಲ್ಲಿ ಉದಯಪುರಕ್ಕೆ ನುಗ್ಗಿದಾಗ ಹೋರಾಡಿ ಸತ್ತ ಆಳುಗಳ ಹೆಸರನ್ನು. ಯಾರದೋ ಆಳು, ಇಂತಲ್ಲಿ ಸತ್ತ. ಅಷ್ಟೇ. ಒಬ್ಬ ಸಾಮಾನ್ಯ ಮನುಷ್ಯನ ಕೊನೆಯ ಗಳಿಗೆ ಕೆಲವೇ ಪದಗಳಲ್ಲಿ ನಿಂತುಬಿಟ್ಟಿದೆ. ಫೋಟೊಗ್ರಾಫರ್ ಆಗಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸುವ ಕೆಲಸ ಅದು.

ಕಲ್ಲು ನಿಲ್ಲುತ್ತದೆ, ಬರಹ ನಿಲ್ಲುವುದಿಲ್ಲ

ಶಾಸನಗಳ ಕೊನೆಯಲ್ಲಿ 'ಆಚಂದ್ರಾರ್ಕ' ಎಂಬ ಮಾತು ಬರುತ್ತದೆ. ಸೂರ್ಯಚಂದ್ರರಿರುವವರೆಗೂ ಈ ದಾನ ನಡೆಯಲಿ ಅಂತ. ಕಲ್ಲಿನ ತಲೆಭಾಗದಲ್ಲಿ ಸೂರ್ಯ, ಚಂದ್ರರನ್ನು ಕೆತ್ತುವುದೂ ಅದಕ್ಕೇ. ಆಸೆ ದೊಡ್ಡದು. ಆದರೆ ನಮ್ಮೂರಿನ ಹವೆ ಆ ಆಸೆಗೆ ಅಷ್ಟೇನೂ ಅನುಕೂಲವಾಗಿಲ್ಲ.

ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ನಾಲ್ಕು ತಿಂಗಳು ನೆನೆದ ಕಲ್ಲು ಆಮೇಲೆ ಬಿಸಿಲಿಗೆ ಕಾಯುತ್ತದೆ. ಪಾಚಿ ಬೆಳೆಯುತ್ತದೆ, ಒಣಗುತ್ತದೆ, ಅದರ ಮೇಲೆ ಕಲ್ಲುಹೂವು ಹಿಡಿಯುತ್ತದೆ. ಕಲ್ಲುಹೂವಿನ ಬೇರಿನಂಥ ಎಳೆಗಳು ಕಲ್ಲಿನ ಸಣ್ಣ ಬಿರುಕುಗಳಿಗೆ ಇಳಿಯುತ್ತವೆ. ಸಮುದ್ರದ ಗಾಳಿಯ ಉಪ್ಪು ಬೇರೆ. ಶಾಸನಕ್ಕೆ ಆರಿಸುವುದು ಸಾಧಾರಣವಾಗಿ ಗಟ್ಟಿ ಶಿಲೆಯನ್ನೇ, ನಮ್ಮ ಮುರಕಲ್ಲಿನಲ್ಲಿ ಸಣ್ಣ ಅಕ್ಷರ ನಿಲ್ಲುವುದಿಲ್ಲ. ಆದರೂ ಎರಡು ಮೂರು ಮಿಲಿಮೀಟರ್ ಆಳದ ಗೀರು ಎಷ್ಟು ಮಳೆಗಾಲ ತಡೆದೀತು?

ಇದು ನಿಧಾನದ ಸವೆತ. ಇದಕ್ಕಿಂತ ವೇಗವಾಗಿ ಕೆಲಸ ಮಾಡುವುದು ನಮ್ಮ ಪ್ರೀತಿ. ಹೌದು, ಪ್ರೀತಿಯೇ. ದ್ವೇಷದಿಂದ ಶಾಸನ ಹಾಳುಮಾಡಿದವರನ್ನು ನಾನು ಕಂಡದ್ದು ಕಡಿಮೆ. ಊರವರೆಲ್ಲ ಸೇರಿ ದೇವಸ್ಥಾನದ ಜೀರ್ಣೋದ್ಧಾರ ಮಾಡುತ್ತಾರೆ, ಬ್ರಹ್ಮಕಲಶದ ತಾರೀಕು ನಿಗದಿಯಾಗುತ್ತದೆ, ಅದರೊಳಗೆ ಎಲ್ಲ ಚಂದ ಆಗಬೇಕು. ಆಗ ಅಂಗಳದ ಮಟ್ಟ ಏರುತ್ತದೆ, ಗ್ರಾನೈಟ್ ಹಾಸು ಬರುತ್ತದೆ. ಮೂಲೆಯಲ್ಲಿ ವಾಲಿಕೊಂಡಿದ್ದ 'ಬರೆದ ಕಲ್ಲ'ನ್ನು ಗೌರವದಿಂದಲೇ ನೇರ ನಿಲ್ಲಿಸಿ, ಬೀಳದಿರಲಿ ಅಂತ ಬುಡಕ್ಕೆ ಸಿಮೆಂಟ್ ಹಾಕುತ್ತಾರೆ. ಹೊಳೆಯಲಿ ಅಂತ ಎಣ್ಣೆ ಹಚ್ಚುತ್ತಾರೆ, ಅಕ್ಷರ ಕಾಣಲಿ ಅಂತ ಪೈಂಟ್ ತುಂಬುತ್ತಾರೆ.

ನಗರದ ಹೊರವಲಯದ ಒಂದು ಗುಡಿಯಲ್ಲಿ ಹೀಗೇ ಆಯಿತು. ಜೀರ್ಣೋದ್ಧಾರಕ್ಕೆ ಮುಂಚೆ ನಾನು ಆ ಕಲ್ಲಿನ ಚಿತ್ರಗಳನ್ನು ತೆಗೆದಿದ್ದೆ. ಎರಡು ವರ್ಷದ ಮೇಲೆ ಹೋದಾಗ ಕಲ್ಲು ಅಲ್ಲೇ ಇತ್ತು, ಹೂವಿನ ಹಾರವೂ ಇತ್ತು, ಆದರೆ ಕೆಳಗಿನ ನಾಲ್ಕು ಸಾಲು ಸಿಮೆಂಟಿನೊಳಗೆ ಸೇರಿದ್ದವು. ಕೆಳಗಿನ ನಾಲ್ಕು ಸಾಲು ತಾನೇ ಅಂತ ಅನ್ನಬೇಡಿ. ದಾನಶಾಸನದಲ್ಲಿ ಮೇಲಿನ ಭಾಗ ಸ್ವಸ್ತಿ, ಅರಸನ ಬಿರುದು, ಕಾಲ. ಇಂಥವನ್ನು ಬೇರೆ ಶಾಸನಗಳ ಸಹಾಯದಿಂದ ಎಷ್ಟೋ ಸಲ ಊಹಿಸಿ ತುಂಬಬಹುದು. ಗದ್ದೆಯ ಗಡಿ, ಎಷ್ಟು ಮುಡಿ ಅಕ್ಕಿ, ಯಾವ ಸೇವೆಗೆ, ಯಾರು ಸಾಕ್ಷಿ ಎಂಬ ವಿವರ ಬರುವುದು ಕೆಳಗೆ. ಅದು ಆ ಊರಿನದ್ದು ಮಾತ್ರ, ಬೇರೆಲ್ಲೂ ಸಿಗುವುದಿಲ್ಲ. ಈಗ ಆ ನಾಲ್ಕು ಸಾಲು ಓದಬೇಕಾದರೆ ಕಲ್ಲಿನ ಹತ್ತಿರ ಹೋಗಿ ಪ್ರಯೋಜನವಿಲ್ಲ, ಚಿತ್ರವನ್ನೇ ನೋಡಬೇಕು.

ಕಲ್ಲಿಗೂ ಗಳಿಗೆ ಇದೆ ಅಂದದ್ದು ಇದಕ್ಕೇ. ಫೋಟೊ ಹಿಡಿಯುವುದು ಶಾಸನವನ್ನಲ್ಲ, ಒಂದು ದಿನ ಶಾಸನ ಇದ್ದ ಸ್ಥಿತಿಯನ್ನು. ಹತ್ತು ವರ್ಷಕ್ಕೊಮ್ಮೆ ಅದೇ ಕಲ್ಲಿನ ಚಿತ್ರ ತೆಗೆದರೆ ನಮ್ಮ ಕೈಯಲ್ಲಿರುವುದು ಒಂದೇ ಚಿತ್ರದ ಪ್ರತಿಗಳಲ್ಲ, ಸವೆತದ ಚರಿತ್ರೆ.

ಪಾಠ ಉಂಟು, ಚಿತ್ರ ಇಲ್ಲ

ಕರ್ನಾಟಕದ ಶಾಸನ ಅಂದ ಕೂಡಲೇ ಎಲ್ಲರೂ ಬಿ.ಎಲ್. ರೈಸ್ ಮತ್ತು 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳನ್ನು ನೆನೆಯುತ್ತಾರೆ. ಆದರೆ ರೈಸ್ ಅವರ ಆ ಸಂಪುಟಗಳಲ್ಲಿ ಮಂಗಳೂರನ್ನು ಹುಡುಕಿದರೆ ಸಿಗುವುದಿಲ್ಲ. ಅವು ಮೈಸೂರು ಸಂಸ್ಥಾನ ಮತ್ತು ಕೊಡಗಿನವು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು, 1956ರವರೆಗೂ ಆ ಕಡೆಯೇ ಇತ್ತು. ಹಾಗಾಗಿ ನಮ್ಮ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿದ್ದು ಮದರಾಸಿನ ಶಾಸನ ಇಲಾಖೆ. ಮಂಗಳೂರು, ಬಾರಕೂರು, ಮೂಡುಬಿದಿರೆಯ ಎಷ್ಟೋ ಶಾಸನಗಳ ಪಾಠ 1930ರ ದಶಕದಲ್ಲಿ ಹೊರಬಂದ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' 7ನೇ ಸಂಪುಟದಲ್ಲಿ ಸಿಗುತ್ತದೆ.

ಆ ಸಂಪುಟ ನಮಗೆ ದೊಡ್ಡ ಆಸ್ತಿ. ಆದರೆ ಅದು ಬಹುಪಾಲು ಪಾಠ ಮಾತ್ರ, ಅಚ್ಚಿನ ಮೊಳೆಯಲ್ಲಿ. ಮೊಳೆಗೆ ಬಂದ ಮೇಲೆ ಎಲ್ಲ ಶಾಸನಗಳೂ ಒಂದೇ ಥರ ಕಾಣುತ್ತವೆ. ಹತ್ತನೇ ಶತಮಾನದ ದುಂಡು ಅಕ್ಷರ, ಹದಿನೈದನೇ ಶತಮಾನದ ಅವಸರದ ಅಕ್ಷರ, ಜಾಗ ಸಾಲದೆ ಅಂಚಿಗೆ ಒತ್ತಿ ಬರೆದ ಸಾಲು, ನಂತರ ಯಾರೋ ಸೇರಿಸಿದ ಸಾಲು, ಬೇಕೆಂದೇ ಉಜ್ಜಿ ತೆಗೆದ ಹೆಸರು, ಇವು ಯಾವುವೂ ಪಾಠದಲ್ಲಿ ಕಾಣಿಸುವುದಿಲ್ಲ. ಓದಿದವರಿಗೆ ಸಂಶಯವಿದ್ದ ಕಡೆ ಚುಕ್ಕಿ ಇರುತ್ತದೆ. ಆ ಚುಕ್ಕಿಯ ಜಾಗದಲ್ಲಿ ನಿಜಕ್ಕೂ ಏನಿತ್ತು ಅಂತ ನೋಡಲು ಮತ್ತೆ ಕಲ್ಲಿಗೇ ಹೋಗಬೇಕು. ಕಲ್ಲು ಅಷ್ಟರಲ್ಲಿ ಮಾಯವಾಗಿದ್ದರೆ ಆ ಚುಕ್ಕಿ ಶಾಶ್ವತ.

ಇದಕ್ಕೆ ಹೋಲಿಸಿದರೆ ಮೈಸೂರು ಕಡೆಯ ಕಥೆ ಸ್ವಾರಸ್ಯದ್ದು. ಅಲ್ಲಿ ಶಾಸನ ಅಧ್ಯಯನ ಶುರುವಾದದ್ದೇ ಫೋಟೊದಿಂದ ಅಂದರೂ ತಪ್ಪಲ್ಲ. ಮೈಸೂರಿನ ಮುಖ್ಯ ಆಯುಕ್ತರಾಗಿದ್ದ ಎಲ್.ಬಿ. ಬೌರಿಂಗ್ ಕಾಲದಲ್ಲಿ, 1865ರಲ್ಲಿ, ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ ಚಿತ್ರದುರ್ಗ, ಬಳ್ಳಿಗಾವಿ, ಹರಿಹರ ಮೊದಲಾದ ಕಡೆಗಳ ಸುಮಾರು 150 ಶಾಸನಗಳ ಫೋಟೊ ತೆಗೆದರು. ಆ ಚಿತ್ರಗಳನ್ನು ಮುಂದಿಟ್ಟುಕೊಂಡೇ ರೈಸ್ 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಎಂಬ ಅನುವಾದ ಗ್ರಂಥ ತಂದದ್ದು. ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟ ಬಂದದ್ದು ಆಮೇಲೆ, 1886ರಲ್ಲಿ. ಬೊಂಬಾಯಿ ಕಡೆಯಲ್ಲೂ ಹಾಗೇ. 1855ರಲ್ಲಿ ಸರ್ಕಾರಿ ಫೋಟೊಗ್ರಾಫರ್ ಆಗಿ ನೇಮಕವಾದ ಥಾಮಸ್ ಬಿಗ್ಸ್, ಅವರ ನಂತರ ಬಂದ ಪಿಗೌ ಮೊದಲಾದವರು ಬಾದಾಮಿ, ಐಹೊಳೆ, ಧಾರವಾಡ ಸೀಮೆಯಲ್ಲಿ ತೆಗೆದ ಚಿತ್ರಗಳು ಮುಂದೆ ಜೆ.ಎಫ್. ಫ್ಲೀಟರಂಥ ವಿದ್ವಾಂಸರ ಕೆಲಸಕ್ಕೆ ದಾರಿಯಾದವು. ಡಿಕ್ಸನ್‌ಗಾಗಲಿ ಬಿಗ್ಸ್‌ಗಾಗಲಿ ಆ ಶಾಸನ ಓದಿ ಅರ್ಥ ಹೇಳುವ ಹೊಣೆ ಇರಲಿಲ್ಲ. ಓದುವವರು ಮುಂದೆ ಬರುತ್ತಾರೆ ಎಂಬ ನಂಬಿಕೆಯ ಮೇಲೆ ನಡೆದ ಕೆಲಸ ಅದು. ಫೋಟೊ ತೆಗೆಯುವವರು ಓದಲು ಕಲಿಯಬೇಕಾದ್ದಿಲ್ಲ ಅಂತ ನಾನು ಹೇಳುತ್ತಿಲ್ಲ, ಕಲಿತರೆ ಚಿತ್ರವೂ ಚೆನ್ನಾಗಿ ಬರುತ್ತದೆ. ಆದರೆ ಓದಲು ಬರುವುದಿಲ್ಲ ಎಂಬ ಕಾರಣಕ್ಕೆ ಕೈಕಟ್ಟಿ ಕೂರುವುದೂ ಬೇಡ.

ತುಳುನಾಡಿನ ಮಟ್ಟಿಗೆ ಈ ಕೊರತೆಯನ್ನು ದೊಡ್ಡ ಪ್ರಮಾಣದಲ್ಲಿ ತುಂಬಿದವರು ಪಾದೂರು ಗುರುರಾಜ ಭಟ್ಟರು. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿದ್ದುಕೊಂಡು ಊರೂರು ಅಲೆದು ದೇವಸ್ಥಾನ, ಬಸದಿ, ಮೂರ್ತಿ, ಶಾಸನಗಳನ್ನು ನೋಡಿ ದಾಖಲಿಸಿದರು. 1975ರಲ್ಲಿ ಬಂದ ಅವರ 'ಸ್ಟಡೀಸ್ ಇನ್ ತುಳುವ ಹಿಸ್ಟರಿ ಆ್ಯಂಡ್ ಕಲ್ಚರ್' ಗ್ರಂಥದ ಚಿತ್ರಫಲಕಗಳನ್ನು ತಿರುವಿದರೆ, ಈಗಿನ ಜೀರ್ಣೋದ್ಧಾರಗಳಿಗೆ ಮುಂಚಿನ ತುಳುನಾಡು ಕಣ್ಣಮುಂದೆ ಬರುತ್ತದೆ. ಅದಕ್ಕೆ ಐದು ವರ್ಷ ಮೊದಲು, 1970ರಲ್ಲಿ, ಶಾಸನತಜ್ಞ ಕೆ.ವಿ. ರಮೇಶ್ ಅವರ ದಕ್ಷಿಣ ಕನ್ನಡದ ಇತಿಹಾಸ ಬಂದಿತ್ತು. ಒಂದು ಶಾಸನಗಳ ಓದಿನಿಂದ ಕಟ್ಟಿದ ಚರಿತ್ರೆ, ಇನ್ನೊಂದು ಕಣ್ಣಿನ ಓಡಾಟದಿಂದ ಕಟ್ಟಿದ್ದು. ಎರಡೂ ಪಕ್ಕಪಕ್ಕ ಇದ್ದರೇ ಚಂದ.

ಪಡಿಯಚ್ಚು ಇರುವಾಗ ಫೋಟೊ ಬೇಕೇ?

ಇದು ನ್ಯಾಯವಾದ ಪ್ರಶ್ನೆ. ಶಾಸನಶಾಸ್ತ್ರದಲ್ಲಿ ಪಡಿಯಚ್ಚಿನ ಸ್ಥಾನ ದೊಡ್ಡದು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಕಾಗದವನ್ನು ಅಕ್ಷರದ ಗುಳಿಯೊಳಗೆ ಇಳಿಸಿ, ಮೇಲೆ ಮಸಿ ತಟ್ಟುತ್ತಾರೆ. ಮಸಿ ತಾಗಿದ ಕಡೆ ಕಪ್ಪು, ಗುಳಿಯಲ್ಲಿ ಇಳಿದ ಅಕ್ಷರ ಬಿಳಿ. ಗಾತ್ರ ನಿಜವಾದದ್ದೇ ಸಿಗುತ್ತದೆ, ಕ್ಯಾಮೆರಾದ ಓರೆ ಇಲ್ಲ, ನೆರಳಿನ ಮೋಸ ಇಲ್ಲ. ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗ, 1966ರಲ್ಲಿ ಊಟಿಯಿಂದ ಅಲ್ಲಿಗೆ ಬಂದದ್ದು, ಇಂಥ ಪಡಿಯಚ್ಚುಗಳ ಭಂಡಾರವೇ ಸರಿ.

ಆದರೆ ಪಡಿಯಚ್ಚಿಗೆ ತಾಗಲು ಸಾಧ್ಯವಿಲ್ಲದ್ದೂ ಉಂಟು. ಕಲ್ಲಿನ ಬಣ್ಣ, ಬಿರುಕು, ಅದು ನಿಂತ ಜಾಗ, ಪಕ್ಕದ ಬಾವಿಕಟ್ಟೆ, ಹಿಂದಿನ ಗೋಡೆ. ಪಾಳು ಬೀಳುತ್ತಿರುವ, ಪದರು ಏಳುತ್ತಿರುವ ಕಲ್ಲನ್ನು ಬಡಿಯಲೂಬಾರದು. ಪೂಜೆಯಲ್ಲಿರುವ ಮೂರ್ತಿಯ ಪೀಠಕ್ಕೆ ಮಸಿ ತಾಗಿಸುವ ಮಾತೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪಡಿಯಚ್ಚು ತರಬೇತಿ ಬೇಕಾದ ಕೆಲಸ, ಗೊತ್ತಿಲ್ಲದವರು ಕೈಹಾಕಿದರೆ ಕಲ್ಲಿಗೇ ಮಸಿ. ಮೊಬೈಲು ಎಲ್ಲರ ಕಿಸೆಯಲ್ಲೂ ಇದೆ. ಹಾಗಾಗಿ ಒಂದು ಇನ್ನೊಂದಕ್ಕೆ ಬದಲಿ ಅಲ್ಲ. ತಜ್ಞರು ಬರುವವರೆಗೆ ಕಲ್ಲು ಕಾಯುತ್ತದೆಂಬ ಖಾತ್ರಿ ಇಲ್ಲದ ಕಡೆ, ಮೊದಲು ತಲುಪಿದವರು ತೆಗೆದ ಚಿತ್ರವೇ ಆಧಾರ.

ಬೆಳಕಿನ ಲೆಕ್ಕ

ಬೀದಿ ಫೋಟೊಗ್ರಫಿಯವರು ಕಾರ್ತಿಯೇ ಬ್ರೆಸ್ಸೋನ್ ಹೆಸರಿನೊಂದಿಗೆ ಅಂಟಿಕೊಂಡ 'ನಿರ್ಣಾಯಕ ಕ್ಷಣ'ದ ಬಗ್ಗೆ ಮಾತಾಡುತ್ತಾರೆ. ಅವರಿಗೆ ಅದು ಸೆಕೆಂಡಿನ ಚೂರು. ಶಾಸನಕ್ಕೂ ನಿರ್ಣಾಯಕ ಕ್ಷಣ ಇದೆ, ಆದರೆ ಅದು ಇಪ್ಪತ್ತು ನಿಮಿಷದ್ದು, ಮತ್ತು ಮೊದಲೇ ಲೆಕ್ಕ ಹಾಕಬಹುದಾದ್ದು.

ಕೆತ್ತಿದ ಅಕ್ಷರ ಕಾಣುವುದು ಬಣ್ಣದಿಂದಲ್ಲ, ನೆರಳಿನಿಂದ. ಬೆಳಕು ಎದುರಿನಿಂದ ಬಿದ್ದರೆ ಗುಳಿಯಲ್ಲಿ ನೆರಳು ಇರುವುದಿಲ್ಲ, ಅಕ್ಷರ ಮಾಯ. ಕ್ಯಾಮೆರಾದ ಫ್ಲ್ಯಾಷ್ ಹಾಕಿದರೆ ಶಾಸನ ಬೋಳು ಕಲ್ಲಾಗುವುದು ಇದಕ್ಕೇ. ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗಬೇಕು.

'ಬೆಳಿಗ್ಗೆ ಅಥವಾ ಸಂಜೆ ತೆಗೆಯಿರಿ' ಎಂಬ ಸಲಹೆ ಎಲ್ಲ ಕಡೆ ಕೇಳುತ್ತೇವೆ. ನೆಲದಲ್ಲಿ ಮಲಗಿದ ಕಲ್ಲಿಗೆ ಅದು ಸರಿ. ಆದರೆ ಪೂರ್ವಕ್ಕೆ ಮುಖ ಮಾಡಿ ನಿಂತ ಕಲ್ಲಿಗೆ ಬೆಳಗಿನ ಬಿಸಿಲು ನೇರ ಮುಖಕ್ಕೇ ಬೀಳುತ್ತದಲ್ಲ! ಅಂಥ ಕಲ್ಲಿನ ಒಳ್ಳೆಯ ಸಮಯ ನಡುಹಗಲಿಗೆ ತುಸು ಮುಂಚೆ, ಸೂರ್ಯ ಕಲ್ಲಿನ ಮುಖದಿಂದ ಮರೆಯಾಗುವ ಹೊತ್ತು. ಪಶ್ಚಿಮಕ್ಕೆ ಮುಖ ಮಾಡಿದ್ದಕ್ಕೆ ನಡುಹಗಲು ದಾಟಿದ ಕೂಡಲೇ. ಇಲ್ಲಿ ಇನ್ನೊಂದು ಸಂಗತಿ: ಮಂಗಳೂರಿನ ನಡುಹಗಲು ಗಡಿಯಾರದ 12 ಗಂಟೆಗೆ ಅಲ್ಲ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 75ರ ಹತ್ತಿರ. ಹಾಗಾಗಿ ಸೂರ್ಯ ನಡುನೆತ್ತಿಯ ಗೆರೆ ದಾಟುವುದು ಋತುವಿಗೆ ತಕ್ಕಂತೆ ಸುಮಾರು 12.15ರಿಂದ 12.45ರ ನಡುವೆ.

ಉತ್ತರಕ್ಕೆ ಮುಖ ಮಾಡಿದ ಕಲ್ಲು ಇನ್ನೂ ಹಠಮಾರಿ. ವರ್ಷದ ಬಹುಪಾಲು ನಡುಹಗಲಿನಲ್ಲಿ ಅದರ ಮೇಲೆ ಬಿಸಿಲೇ ಬೀಳುವುದಿಲ್ಲ. ಮಂಗಳೂರಿನ ಅಕ್ಷಾಂಶ ಸುಮಾರು 12.9 ಡಿಗ್ರಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಮಾತ್ರ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಅದರಲ್ಲಿ ಜೂನ್ ಆದ ಮೇಲೆ ಮೋಡ. ಉಳಿದದ್ದು ಮೇ ತಿಂಗಳು. ಮೇ ಮೊದಲ ವಾರ ನಡುಹಗಲಿನಲ್ಲಿ ಬಿಸಿಲು ಆ ಕಲ್ಲಿನ ಮೇಲೆ ನೆತ್ತಿಯಿಂದ ನೀರು ಇಳಿದಂತೆ ಇಳಿಯುತ್ತದೆ, ಸವೆದ ಅಕ್ಷರವೂ ಎದ್ದು ನಿಲ್ಲುತ್ತದೆ. ವರ್ಷಕ್ಕೆ ಕೆಲವೇ ದಿನ, ದಿನಕ್ಕೆ ಕೆಲವೇ ನಿಮಿಷ. ಕಲ್ಲು ಓಡಿಹೋಗುವುದಿಲ್ಲ, ಬೆಳಕು ಓಡುತ್ತದೆ.

ಮಳೆಗಾಲಕ್ಕೂ ಅದರದೇ ಗಳಿಗೆ ಇದೆ. ಮಳೆ ನಿಂತು ಕಲ್ಲಿನ ಮೇಲ್ಮೈ ಒಣಗುತ್ತಾ ಬರುವಾಗ ಅಕ್ಷರದ ಗುಳಿಯಲ್ಲಿ ತೇವ ಕೆಲವು ನಿಮಿಷ ಹೆಚ್ಚು ಉಳಿಯುತ್ತದೆ. ಆಗ ಬಿಳಿಚಿದ ಕಲ್ಲಿನ ಮೇಲೆ ಅಕ್ಷರಗಳು ಕಪ್ಪಾಗಿ, ಶಾಯಿಯಲ್ಲಿ ಬರೆದಂತೆ ಕಾಣುತ್ತವೆ.

ಗುಡಿಯ ಒಳಗೆ, ಮಾಡಿನ ಕೆಳಗೆ ಇರುವ ಕಲ್ಲಿಗೆ ಇದ್ಯಾವುದೂ ಆಗುವುದಿಲ್ಲ. ಅಲ್ಲಿ ಕನ್ನಡಿ ಅಥವಾ ಟಾರ್ಚ್. ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯಬೇಕು. ನೆನಪಿಡಿ: ಬೆಳಕಿನ ದಿಕ್ಕಿಗೆ ಸಮನಾಗಿರುವ ಗೆರೆ ಕಾಣುವುದಿಲ್ಲ, ಅಡ್ಡವಾಗಿರುವುದು ಮಾತ್ರ ಕಾಣುತ್ತದೆ. ಮೇಲಿನಿಂದ ಬೆಳಕು ಬಿಟ್ಟರೆ ತಲೆಕಟ್ಟು ಕಾಣುತ್ತದೆ, ಎದ್ದುನಿಂತ ಗೆರೆ ಹೋಗುತ್ತದೆ. ಕನ್ನಡದ ದುಂಡು ಅಕ್ಷರಕ್ಕೆ ಒಂದೇ ದಿಕ್ಕು ಸಾಲದು. ಮೊಬೈಲನ್ನು ಅಲುಗದಂತೆ ಸ್ಟ್ಯಾಂಡಿಗೆ ಸಿಕ್ಕಿಸಿ, ಎಂಟು ದಿಕ್ಕಿನಿಂದ ಬೆಳಕು ಬಿಟ್ಟು ಎಂಟು ಚಿತ್ರ ತೆಗೆದರೆ ಓದುವವರಿಗೆ ಹಬ್ಬ. ಇದೇ ತತ್ವವನ್ನು ಕಂಪ್ಯೂಟರಿಗೆ ಒಪ್ಪಿಸುವ ವಿಧಾನವನ್ನು ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದ ತಂಡ 2001ರಲ್ಲಿ ಪ್ರಕಟಿಸಿತು. ಅದರಲ್ಲಿ ಚಿತ್ರ ತೆಗೆದ ಮೇಲೂ ಪರದೆಯ ಮೇಲೆ ಬೆಳಕಿನ ದಿಕ್ಕು ಬದಲಿಸಬಹುದು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಶಾಸನಗಳ ತ್ರಿಆಯಾಮ ಸ್ಕ್ಯಾನ್ ಮಾಡುವ ಯೋಜನೆಯನ್ನೇ ನಡೆಸಿದೆ. ಕರಾವಳಿಯ ಕಲ್ಲುಗಳಿಗೂ ಆ ಭಾಗ್ಯ ಬೇಕು.

ಬೇಡವಾದದ್ದನ್ನೂ ಹೇಳಿಬಿಡುತ್ತೇನೆ. ಸೀಮೆಸುಣ್ಣ, ರಂಗೋಲಿ ಪುಡಿ, ಎಣ್ಣೆ, ತಂತಿ ಬ್ರಷ್ ಯಾವುದೂ ಬೇಡ. ಸೀಮೆಸುಣ್ಣ ತುಂಬಿದ ಚಿತ್ರದಲ್ಲಿ ಕಾಣುವುದು ಶಾಸನವಲ್ಲ, ತುಂಬಿದವರ ಅಭಿಪ್ರಾಯ. ಅವರು ೬ ಅಂತ ತಿಳಿದು ತುಂಬಿದರೆ ಮುಂದೆ ನೋಡುವವರಿಗೆಲ್ಲ ಅದು ೬ ಆಗಿಯೇ ಕಾಣುತ್ತದೆ. ಮೆತ್ತಗಿನ ಬ್ರಷ್ಷು, ಬರೀ ನೀರು, ಅದೂ ದೇವಸ್ಥಾನದವರ ಒಪ್ಪಿಗೆ ಕೇಳಿ. ಅಷ್ಟು ಸಾಕು.

ಫೋಟೊಗೂ ತಾರೀಕು ಬೇಕು

ಈಗ ಮೊದಲಿನ ಮಾತಿಗೆ, ಶಾಸನಗಳೇ ಮೇಷ್ಟ್ರು ಅಂದೆನಲ್ಲ, ಅದಕ್ಕೆ ಬರುತ್ತೇನೆ. ನಮ್ಮ ಬಹುಪಾಲು ಫೋಟೊಗಳಿಗೆ ಶಾಸನಕ್ಕಿರುವಷ್ಟು ಮರ್ಯಾದೆಯೂ ಇಲ್ಲ. ಯಾವ ಊರು, ಯಾವ ದಿನ, ಯಾರು ತೆಗೆದದ್ದು? ಗ್ರೂಪಿನಿಂದ ಗ್ರೂಪಿಗೆ ಹಾರಿ ಬಂದ ಚಿತ್ರದಲ್ಲಿ ಒಂದೂ ಇರುವುದಿಲ್ಲ. ಚಂದದ ಶಾಸನ, ಎಲ್ಲಿಯದ್ದೋ ದೇವರಿಗೇ ಗೊತ್ತು.

ಮಂಗಳೂರಿನ ಹಳೆಯ ಫೋಟೊಗಳ ದೊಡ್ಡ ಭಂಡಾರ ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು 19ನೇ ಶತಮಾನದಲ್ಲಿ ತೆಗೆದ ಚಿತ್ರಗಳನ್ನು ಈಗ ಅಂತರಜಾಲದಲ್ಲೇ ನೋಡಬಹುದು. ಒಂದೊಂದು ಚಿತ್ರಕ್ಕೂ ಒಂದು ದಾಖಲೆ ಪತ್ರ ಇದೆ. ಹಲವಕ್ಕೆ ನಿಖರ ದಿನಾಂಕ ಸಿಗದ ಕಾರಣ ಇಂಥ ವರ್ಷದಿಂದ ಇಂಥ ವರ್ಷದೊಳಗೆ ಎಂಬ ಅಂದಾಜು ಮಾತ್ರ ಇದೆ. ಬೆನ್ನ ಮೇಲೆ ಒಂದು ಸಾಲು ಬರೆದಿಟ್ಟ ಚಿತ್ರ ಇವತ್ತು ಆಧಾರ, ಬರೆಯದ್ದು ಬರೀ ಹಳೆಯ ಚಿತ್ರ. ಕಲಿ 4068 ಅಂತ ಬರೆಯದಿದ್ದರೆ ಲೋಕೇಶ್ವರನಿಗೆ ಆಗುತ್ತಿದ್ದ ಗತಿಯೇ ಇದು.

ಆದ್ದರಿಂದ ಶಾಸನದವರಂತೆಯೇ ಎರಡೆರಡು ಸಲ ಹೇಳಿ. ಕ್ಯಾಮೆರಾ ತನ್ನಷ್ಟಕ್ಕೆ ದಿನಾಂಕ ಬರೆದುಕೊಳ್ಳುತ್ತದೆ, ಆದರೆ ಅದರ ಗಡಿಯಾರ ತಪ್ಪಿರಬಹುದು. ಮೊದಲ ಚಿತ್ರದಲ್ಲಿ ಒಂದು ಚೀಟಿ ಇಡಿ: ಊರು, ದೇವಸ್ಥಾನ, ಕಲ್ಲು ನಿಂತ ಜಾಗ, ಅದರ ಮುಖ ಯಾವ ದಿಕ್ಕಿಗೆ, ದಿನ, ಸಮಯ. ಪಕ್ಕದಲ್ಲಿ ಒಂದು ಸ್ಕೇಲ್. ಫೈಲಿನ ಹೆಸರಿನಲ್ಲೂ ಊರು ಮತ್ತು ದಿನಾಂಕ ಇರಲಿ. ವಾಟ್ಸ್ಆ್ಯಪಿನಲ್ಲಿ ಫೋಟೊ ಅಂತ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಒಳಗಿನ ದಿನಾಂಕ, ಸ್ಥಳದ ಮಾಹಿತಿಯೂ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಇಡೀ ಕಲ್ಲಿನ ಒಂದು ಚಿತ್ರ, ಸುತ್ತಲಿನ ಜಾಗದ ಒಂದು, ತಲೆಭಾಗದ ಶಿಲ್ಪದ ಒಂದು, ಆಮೇಲೆ ನಾಲ್ಕೈದು ಸಾಲಿನಂತೆ ಒಂದರ ಮೇಲೊಂದು ಸ್ವಲ್ಪ ಹಾಯುವ ಹಾಗೆ ಇಳಿದುಕೊಂಡು ಬನ್ನಿ. ಕಲ್ಲಿಗೆ ನಾಲ್ಕು ಬದಿ ಇದೆ ಅಂತ ಮರೆಯಬೇಡಿ, ಬರಹ ಎಷ್ಟೋ ಸಲ ಪಕ್ಕಕ್ಕೂ ಹಿಂಬದಿಗೂ ಹರಿದಿರುತ್ತದೆ.

ಚಿತ್ರ ಕಲ್ಲಿಗೆ ಬದಲಿ ಅಲ್ಲ

ಕೊನೆಗೊಂದು ಎಚ್ಚರಿಕೆ. 'ಫೋಟೊ ಉಂಟಲ್ಲ, ಇನ್ನು ಕಲ್ಲು ಹೋದರೂ ಚಿಂತೆಯಿಲ್ಲ' ಎಂಬ ಮನಸ್ಸು ಬಂದರೆ ಈ ಕೆಲಸದಿಂದ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ನಾನು ತೆಗೆದ ಚಿತ್ರ ನನಗೆ ಗೊತ್ತಿರುವ ಪ್ರಶ್ನೆಗಳಿಗಷ್ಟೇ ಉತ್ತರ ಕೊಡುತ್ತದೆ. ಮುಂದಿನವರ ಪ್ರಶ್ನೆ ಏನೋ ಯಾರಿಗೆ ಗೊತ್ತು? ಅದಕ್ಕೆ ಕಲ್ಲೇ ಬೇಕು, ಸಾಧ್ಯವಿದ್ದಷ್ಟು ಅದು ನಿಂತ ಜಾಗದಲ್ಲೇ ಬೇಕು. ಅಲ್ಲಿ ಉಳಿಯುವುದು ಸಾಧ್ಯವೇ ಇಲ್ಲ ಅನ್ನುವಾಗ ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯದಂಥ ಆಸರೆ ಇದೆ.

ಹಾಗಾಗಿ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ, ನೀವೂ ಇಟ್ಟುಕೊಳ್ಳಬಹುದು. ಪ್ರತಿ ಶಾಸನದ ಒಂದು ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಕೆಳಗೆ ಊರು, ಶಕವರ್ಷ, ನಾಲ್ಕು ಸಾಲಿನ ಸಾರಾಂಶ, ಚಿತ್ರ ತೆಗೆದ ದಿನಾಂಕ ಬರೆದು, ಚೌಕಟ್ಟು ಹಾಕಿಸಿ ಆ ದೇವಸ್ಥಾನದ ಕಚೇರಿಗೆ ಕೊಡುತ್ತೇನೆ. ಗೋಡೆಯ ಮೇಲೆ ಆ ಚಿತ್ರ ನೇತಾಡುತ್ತಿದ್ದರೆ ಅಂಗಳದ ಮೂಲೆಯ ಕಲ್ಲು 'ಯಾವುದೋ ಬರೆದ ಕಲ್ಲು' ಆಗಿ ಉಳಿಯುವುದಿಲ್ಲ, ಊರಿನ ಹೆಸರಿರುವ ಕಲ್ಲಾಗುತ್ತದೆ. ಹೀಗೆ ಕೊಟ್ಟ ಒಂದು ಕಡೆ ಜೀರ್ಣೋದ್ಧಾರ ಸಮಿತಿಯವರೇ ಫೋನ್ ಮಾಡಿ, "ಕಲ್ಲನ್ನು ಎಷ್ಟು ಎತ್ತರಕ್ಕೆ ನಿಲ್ಲಿಸಿದರೆ ಕೆಳಗಿನ ಸಾಲು ಮುಚ್ಚಿಹೋಗುವುದಿಲ್ಲ, ಒಮ್ಮೆ ಬಂದು ಹೇಳ್ತೀರಾ?" ಅಂತ ಕೇಳಿದರು. ಈಗ ಆ ಕಲ್ಲು ಒಂದು ಅಡಿ ಎತ್ತರದ ಕಟ್ಟೆಯ ಮೇಲಿದೆ, ಕೊನೆಯ ಸಾಲಿನವರೆಗೂ ಓದಲು ಸಿಗುತ್ತದೆ.